ಮೂರನೆಯ ದಿನದ ಬಿಸಿಲು

ಏಳು ಗಂಟೆಗೆಲ್ಲ ಬಿಸಿಲು ಬಂದು ಕಾಂಪೌಂಡಿನ ಮೇಲೆ ಕೂತುಬಿಟ್ಟಿತ್ತು. ಮಹೇಂದ್ರ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಿತ್ತಲ ನಲ್ಲಿಯ ಹತ್ತಿರ ನಿಂತು ಅದನ್ನೇ ದುರುಗುಟ್ಟಿ ನೋಡಿದ. ಮಾನಗೆಟ್ಟ ಬಿಸಿಲು. ಮೊನ್ನೆ ಬರಬೇಕಾಗಿದ್ದ ಮಳೆ ಯಾವುದು, ಬಂಗಾಳ ಕೊಲ್ಲಿ ಎಲ್ಲಿದೆ ಎಂದು ಕೇಳುವಂತೆ ಕುಂಬಾರಕೊಪ್ಪಲಿನ ಅಷ್ಟೂ ಮಹಡಿಗಳ ಮೇಲೆ ಒಂದೇ ಸಮನೆ ಬಿದ್ದುಕೊಂಡಿತ್ತು. ಹಿಂದಿನ ಮನೆಯ ಹೆಂಗಸು ಎರಡು ದಿನದಿಂದ ರೂಮಿನೊಳಗೆ ಹಗ್ಗ ಕಟ್ಟಿ ಹಾಕಿದ್ದ ಬಟ್ಟೆಗಳನ್ನು ಮಹಡಿಗೆ ತಂದು ಒಂದೊಂದಾಗಿ ಕೊಡವಿ ಹರವುತ್ತಿದ್ದಳು. ಆ ಕೊಡವುವ ಸದ್ದೂ ತನ್ನನ್ನು ಆಡಿಕೊಂಡಂತೆ ಕೇಳಿಸಿ ಅವನು ಬಾಯಿ ಮುಕ್ಕಳಿಸಿ ಜೋರಾಗಿ ಉಗಿದ. ಮೊನ್ನೆ ಬೆಳಗಿನ ಜಾವ ಅವ್ವ ಸತ್ತಿದ್ದಳು. ಅದೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಅವಳನ್ನು ಮಣ್ಣು ಮಾಡಿಯೂ ಆಗಿತ್ತು. ಮಳೆ ಬರುತ್ತದೆ, ಗುಂಡಿಗೆ ನೀರು ತುಂಬುತ್ತದೆ, ಬೇಗ ಎತ್ತಿ ಎಂದು ಅವಸರ ಮಾಡಿದವನು ಅವನೇ. ಮಳೆ ಬರಲಿಲ್ಲ. ಮದ್ರಾಸಿನಿಂದ ಹೊರಟಿದ್ದ ತಂಗಿ ಸುಮಾ ಸಂಜೆ ಐದೂವರೆಗೆ ಬಂದಿಳಿದಾಗ ಅಂಗಳದಲ್ಲಿ ಧೂಳಿತ್ತು. ಇವತ್ತು ಮೂರನೆಯ ದಿನ, ಹಾಲು ತುಪ್ಪ ಬಿಡುವ ದಿನ. ಹತ್ತು ಗಂಟೆಯೊಳಗೆ ಎಲ್ಲರೂ ಅವ್ವನನ್ನು ಹೂತ ಗುಡ್ಡೆಯ ಹತ್ತಿರ ಹೋಗಬೇಕು. ಸುಮಾಳೂ ಬರುತ್ತಾಳೆ, ಅಲ್ಲಿ ಎಲ್ಲರ ಮುಂದೆ ಬಾಯಿ ತೆರೆಯುತ್ತಾಳೆ.

ಬನ್ನಿಮಂಟಪದ ಆಚೆಗಿನ ಒಂದು ಹೈಸ್ಕೂಲಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಸಮಾಜ ವಿಜ್ಞಾನದ ಮೇಷ್ಟ್ರು. ಅದರಲ್ಲೂ ಭೂಗೋಳವೆಂದರೆ ಅವನಿಗೆ ಜೀವ. ಕಪ್ಪು ಹಲಗೆಯ ಮೇಲೆ ಕೈಯಳತೆಯಲ್ಲೇ ಕರಾವಳಿ ಎಳೆದು, ಸಮುದ್ರದ ನಡುವೆ ಸುರುಳಿ ಬರೆದು, ಇದು ಚಂಡಮಾರುತದ ಕಣ್ಣು, ಇಲ್ಲಿ ಗಾಳಿಯೇ ಇರುವುದಿಲ್ಲ, ಸುತ್ತ ಇರುವುದೇ ಎಲ್ಲ ರಾದ್ಧಾಂತ ಎಂದು ಹೇಳುವಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ನೋಡುತ್ತಿದ್ದರು. ಬೀದಿಯಲ್ಲಿ ಯಾರ ಮನೆಯ ಮದುವೆ ಇರಲಿ, ಯಾರು ತಾರಸಿಗೆ ಕಾಂಕ್ರೀಟ್ ಹಾಕಿಸಲಿ, ಮೊದಲು ಬಂದು ಮೇಷ್ಟ್ರನ್ನು ಕೇಳುತ್ತಿದ್ದರು. ಈಗ ಅದೇ ಬೀದಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದೆ. ನಿನ್ನೆ ಹಾಲಿನ ಅಂಗಡಿಯವನು ಸೂತಕದ ಮನೆಯವನೆಂದೂ ನೋಡದೆ, ‘ಸಾರ್, ಇವತ್ತಾದ್ರೂ ಛತ್ರಿ ಬೇಕಾ’ ಎಂದು ಕೇಳಿದ್ದ. ಚಂಡಮಾರುತಕ್ಕೆ ಯಾವುದೋ ದೇಶದವರು ಇಟ್ಟ ನಾಲಿಗೆ ಹೊರಳದ ಹೆಸರು. ಅದು ಕಡಲಲ್ಲೇ ಸೊರಗಿ, ದಡ ಮುಟ್ಟುವ ಹೊತ್ತಿಗೆ ಬರೀ ಮೋಡವಾಗಿ, ಮೈಸೂರಿಗೆ ನಾಲ್ಕು ಹನಿ ಚೆಲ್ಲಿ ಹೋಗಿತ್ತು. ಶಾಲೆಗಳಿಗೆ ಎರಡು ದಿನ ರಜೆ ಕೊಟ್ಟಿದ್ದಷ್ಟೇ ಲಾಭ ಎಂದು ಮಕ್ಕಳು ಬೀದಿಯಲ್ಲಿ ಕ್ರಿಕೆಟ್ ಆಡಿದ್ದರು.

ಮುಂಬಾಗಿಲಿನಲ್ಲಿ ಸಲಿಕೆ ಊರಿದ ಸದ್ದಾಯಿತು. ದೊಡ್ಡಪ್ಪನ ಮಗ ಚೆಲುವಯ್ಯ ಬಂದಿದ್ದ. ಗುಡ್ಡೆಯ ಮಣ್ಣು ಸರಿಮಾಡಲು ಸಲಿಕೆ, ಒಂದು ಕವರಿನ ತುಂಬ ಸೇವಂತಿಗೆ.

“ಏನ್ ಮೇಷ್ಟ್ರೇ, ನಿಮ್ ಸೈಕ್ಲೋನು ಬಸ್ ತಪ್ಪುಸ್ಕೊಂಡ್ಬುಡ್ತಾ?” ಎಂದ ಚೆಲುವಯ್ಯ, ನಗದೆ.

“ಸುಮ್ನಿರು ಚೆಲುವಣ್ಣ. ಬೆಳಬೆಳಿಗ್ಗೇನೆ ಶುರು ಮಾಡ್ಬೇಡ.”

“ನಾನೇನಂದೆ? ನೆಲ ಒಣಗ್ಕೊಂಡದೆ, ಮಣ್ಣು ಎಳ್ಯಕ್ಕೆ ಸಲೀಸು ಅಂದೆ ಅಷ್ಟೆಯ.”

ಒಳಗಿನ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಅವ್ವನ ಮಂಚದ ಮೇಲೆ ಸುಮಾ ಗೋಡೆಗೆ ಒರಗಿ ಕೂತಿದ್ದಳು, ಮೊನ್ನೆ ಬಂದಾಗಿನ ಅದೇ ಚೂಡಿದಾರ. ಎರಡು ದಿನದಿಂದ ಈ ಮನೆಯಲ್ಲಿ ಅವಳು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಪಕ್ಕದ ಮನೆಯವರು ಕರೆದು ಕೊಟ್ಟ ಎರಡು ಇಡ್ಲಿ ತಿಂದಿದ್ದಳಂತೆ. ಅವನೊಂದಿಗೆ ಆಡಿದ್ದು ಒಂದೇ ಮಾತು. ಮೊನ್ನೆ ಸಂಜೆ ಆಟೋದಿಂದಿಳಿದು, ಖಾಲಿ ಚಾಪೆ ನೋಡಿ, ತೊಳೆದ ನೆಲ ನೋಡಿ, ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ, “ಯಾರು ಎತ್ತಿ ಅಂದಿದ್ದು?” ಎಂದು ಕೇಳಿದ್ದಳು. “ಹಿರೀಕರು,” ಎಂದಿದ್ದ ಅವನು. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅದು ನಿಜವೆನ್ನಿಸಿ, ಅದನ್ನು ನಂಬದವಳ ಮೇಲೆ ಸಿಟ್ಟು ಬಂದಿತ್ತು. ಅವಳು ಮದ್ರಾಸಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಐದು ಗಂಟೆಗೆ ಸುದ್ದಿ ಮುಟ್ಟಿದಾಗ ರಾತ್ರಿ ಪಾಳಿಯಲ್ಲಿದ್ದಳು. ರೈಲುಗಳನ್ನು ಚಂಡಮಾರುತದ ಹೆಸರಿನಲ್ಲಿ ಹಿಂದಿನ ದಿನವೇ ನಿಲ್ಲಿಸಿದ್ದರು. ಸಿಕ್ಕ ಬಸ್ಸು ಹತ್ತಿ, ಹೊಸೂರಿನಲ್ಲಿ ಇಳಿದು ಇನ್ನೊಂದು ಹತ್ತಿ, ದಾರಿಯುದ್ದಕ್ಕೂ ಫೋನು ಮಾಡುತ್ತ, “ಅಣ್ಣ, ಬತ್ತಾ ಇದೀನಿ, ಬತ್ತಾ ಇದೀನಿ” ಎನ್ನುತ್ತ ಬಂದವಳು. ಆ ಫೋನುಗಳಲ್ಲಿ ಕೊನೆಯ ಮೂರನ್ನು ಅವನು ಎತ್ತಲಿಲ್ಲ.

ಎತ್ತದೆ ಏನು ಮಾಡುತ್ತಿದ್ದ? ಅದನ್ನು ಯಾರಾದರೂ ಕೇಳಿದರೆ ಹೇಳಲು ಉತ್ತರ ಸಿದ್ಧವಿತ್ತು: ಸ್ಮಶಾನದಲ್ಲಿದ್ದೆ, ಕೈ ಮಣ್ಣಾಗಿತ್ತು. ಸ್ನಾನದ ನೀರು ಮೈಮೇಲೆ ಸುರಿದುಕೊಳ್ಳುವಾಗ ಮೊನ್ನೆಯ ಬೆಳಿಗ್ಗೆ ಮತ್ತೆ ಕಣ್ಣ ಮುಂದೆ ಬಂತು. ಅವ್ವನನ್ನು ಹಜಾರದಲ್ಲಿ ಚಾಪೆಯ ಮೇಲೆ ಮಲಗಿಸಿತ್ತು. ಅವ್ವನ ತಮ್ಮ ಸಣ್ಣಮಾದಯ್ಯ ತಲೆಯ ಹತ್ತಿರ ಕೂತಿದ್ದರು. ಎಪ್ಪತ್ತರ ಮೇಲಾದ ಮುದುಕ, ಅಕ್ಕನ ಹಣೆಯನ್ನು ಆಗಾಗ ಒರೆಸುತ್ತ, “ಹೆಣ್ಮಗಳು ಬರ್ಲಿ ಕಣ್ ಮಹೇಂದ್ರ. ಐಸ್ ಬಾಕ್ಸ್ ತರ್ಸು. ಬೆಳಿಗ್ಗೆ ಎತ್ತುದ್ರಾಯ್ತು, ಮಗಳು ಮುಖ ನೋಡ್ದೆ ಮಣ್ಣು ಮಾಡಕ್ಕಾದದ?” ಎಂದಿದ್ದರು. ನೆರೆದಿದ್ದವರೆಲ್ಲ ಹೌದೆಂದರು. ಆಗ ಅವನು ಫೋನು ತೆಗೆದು ಮಾವನ ಮುಂದೆ ಹಿಡಿದ. ಅದರಲ್ಲಿ ಕೆಂಪು ಹಳದಿ ಬಣ್ಣದ ದೊಡ್ಡ ಸುರುಳಿ ತಿರುಗುತ್ತಿತ್ತು. ಆರೆಂಜ್ ಅಲರ್ಟ್ ಎಂದರೇನು, ತೇವಾಂಶ ಎಷ್ಟು, ಮೂರು ಗಂಟೆಯ ಒಳಗೆ ಹೇಗೆ ಹೊಡೆಯುತ್ತದೆ, ಸ್ಮಶಾನ ತಗ್ಗಿನಲ್ಲಿರುವುದರಿಂದ ಸುತ್ತಲ ನೀರೆಲ್ಲ ಹೇಗೆ ಗುಂಡಿಗೇ ಬರುತ್ತದೆ ಎಂದು ತರಗತಿಯಲ್ಲಿ ಹೇಳುವಂತೆ ಹೇಳಿದ. “ನಾಳೆವರೆಗೂ ಮಳೆ ಬಿಡಲ್ಲ ಮಾವ. ಅವ್ವನ್ನ ನೀರೊಳಕ್ಕೆ ಇಳಿಸ್ತೀರಾ?” ಸಣ್ಣಮಾದಯ್ಯ ಅಕ್ಷರ ಕಲಿತವರಲ್ಲ. ಆ ಸುರುಳಿಯನ್ನು ದೇವರ ಪಟ ನೋಡುವಂತೆ ಹಿಂದೆ ಸರಿದು ನೋಡಿದರು. “ಓದ್ದೋನು ನೀನು. ನೀನೇಳ್ದಂಗೇ ಆಗ್ಲಿ,” ಎಂದುಬಿಟ್ಟರು.

ಅದರ ಮೇಲೂ ಅವನಿಗೆ ಒಂದು ಅವಕಾಶವಿತ್ತು. ಹತ್ತು ಗಂಟೆ ಐದು ನಿಮಿಷಕ್ಕೆ ಫೋನು ಒಮ್ಮೆ ಗುಂಯ್‌ಗುಟ್ಟಿತು. ಬಚ್ಚಲಿನ ಹಿಂದೆ ಹೋಗಿ ನೋಡಿದ. ಹೊಸ ಮುನ್ಸೂಚನೆ. ಚಂಡಮಾರುತ ದುರ್ಬಲವಾಗಿದೆ, ಒಳನಾಡಿನ ಜಿಲ್ಲೆಗಳಲ್ಲಿ ಅಲ್ಲಲ್ಲಿ ಹಗುರ ಮಳೆ, ಮೈಸೂರಿನ ಆರೆಂಜ್ ಅಲರ್ಟ್ ಹಿಂದಕ್ಕೆ. ಎರಡು ಸಲ ಓದಿದ. ಒಳಗಿನಿಂದ ಹೆಂಗಸರ ಸದ್ದು ಬರುತ್ತಿತ್ತು, ಬಾಗಿಲ ಹತ್ತಿರ ಬಿದಿರು ಸೀಳುತ್ತಿದ್ದರು, ಇನ್ನೂ ಏನೂ ಆಗಿರಲಿಲ್ಲ, ಎಲ್ಲವನ್ನೂ ನಿಲ್ಲಿಸಬಹುದಿತ್ತು. ಅವನು ಫೋನನ್ನು ಪ್ಯಾಂಟಿನ ಜೇಬಿಗೆ ತುರುಕಿ, ಮುಖಕ್ಕೆ ನೀರು ಹಾಕಿಕೊಂಡು ಬಂದು, “ಹೊತ್ತಾಯ್ತು, ಬೇಗ ಬೇಗ” ಎಂದ. ಹನ್ನೆರಡೂವರೆಗೆ ಅವ್ವನನ್ನು ಗುಂಡಿಗೆ ಇಳಿಸುವಾಗ ನಾಲ್ಕು ಹನಿ ಬಿತ್ತು. ನಾಲ್ಕೆಂದರೆ ನಾಲ್ಕು, ಬಿಳಿಯ ಬಟ್ಟೆಯ ಮೇಲೆ ಎಣಿಸಬಹುದಿತ್ತು. “ನೋಡುದ್ರಾ, ಶುರುವಾಯ್ತು,” ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಅವ್ವ ಗುಂಡಿಯೊಳಗಿದ್ದಳು, ಅವನು ಮಳೆ ತೋರಿಸುತ್ತಿದ್ದ. ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವನಿಗೆ ಮಳೆಯ ಭಯವಿರಲಿಲ್ಲ. ಸುಮಾ ಅಳುವುದರ ಭಯವಿತ್ತು. ಈ ಕಡೆಯ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಸತ್ತವರು ಹುಟ್ಟಿದ್ದು, ಬೆಳೆದದ್ದು, ಯಾರು ಅನ್ನ ಹಾಕಿದರು, ಯಾರು ಕಣ್ಣೀರು ಹಾಕಿಸಿದರು, ಎಲ್ಲವೂ ಒಂದು ರಾಗದಲ್ಲಿ ಬರುತ್ತದೆ. ಹಾಗೆ ಅಳುವವಳನ್ನು ಯಾರೂ ತಡೆಯುವಂತಿಲ್ಲ, ಅವಳು ಹೇಳಿದ್ದಕ್ಕೆ ಯಾರೂ ಎದುರು ಮಾತಾಡುವಂತಿಲ್ಲ. ಹನ್ನೊಂದು ವರ್ಷದ ಹಿಂದೆ ಅಪ್ಪ ಸತ್ತಾಗ ಸುಮಾ ಅಪ್ಪನ ಎದೆಯ ಮೇಲೆ ತಲೆಯಿಟ್ಟು, “ಎದೆ ನೋವು ಅಂತ ಅಣ್ಣನ ಮಗನ ಬಾಗ್ಲಿಗೋದ್ಯಲ್ಲಪ್ಪ, ಗಾಡೀಲಿ ಪೆಟ್ರೋಲಿಲ್ಲ ಅಂದುಬುಟ್ನಲ್ಲಪ್ಪ” ಎಂದು ಹೇಳಿಕೊಂಡು ಅತ್ತಿದ್ದಳು. ಚೆಲುವಯ್ಯ ಚಟ್ಟ ಕಟ್ಟುತ್ತಿದ್ದವನು ಹಗ್ಗ ಕೆಳಗಿಟ್ಟು ಎದ್ದು ಹೋದ. ಅಲ್ಲಿಂದ ಇವತ್ತಿನವರೆಗೆ ಅವನು ಪೆಟ್ರೋಲ್ ಚೆಲುವಯ್ಯ. ಅವನ ಮಗಳ ಮದುವೆಯ ಮಾತುಕತೆಯಲ್ಲೂ ಆ ಹೆಸರು ಬಂದು ಕೂತಿತ್ತು. ಯಾರ ಮನೆಯಲ್ಲಿ ಸಾವಾದರೂ ಮೊದಲು ಸಲಿಕೆ ಹಿಡಿದು ಓಡಿಬರುವವನು ಅವನೇ, ಆದರೂ ಹೆಸರು ಹೋಗಲಿಲ್ಲ. ಆವತ್ತು ಮಹೇಂದ್ರನಿಗೆ ತಂಗಿಯ ಬಗ್ಗೆ ಹೆಮ್ಮೆಯಾಗಿತ್ತು, ಒಳ್ಳೆ ಬುದ್ಧಿ ಕಲಿಸಿದಳು ಎಂದುಕೊಂಡಿದ್ದ.

ತನ್ನ ಬಗ್ಗೆ ಹೇಳಲು ಅವಳಿಗೆ ಏನು ಸಿಕ್ಕುತ್ತದೆಂದು ಅವನಿಗೆ ಗೊತ್ತಿತ್ತು. ಒಂದೇ ಒಂದು ಏಟು. ಅವ್ವ ಮುದ್ದಮ್ಮನಿಗೆ ಮರೆವು ಬಂದು ಎರಡು ವರ್ಷವಾಗಿತ್ತು. ಕೆಲವು ದಿನ ಎಲ್ಲ ನೆನಪಿರುತ್ತಿತ್ತು, ಕೆಲವು ದಿನ ಮಗನೂ ಗುರುತು ಸಿಗುತ್ತಿರಲಿಲ್ಲ. ದಸರಾ ರಜೆ ಮುಗಿದ ವಾರ, ಎಂಟನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಫೋನು ಬಂತು. ಉದಯಗಿರಿಯ ಒಬ್ಬ ಗಾಡಿ ಮೆಕ್ಯಾನಿಕ್, ಅವ್ವನ ಎಲೆ ಅಡಿಕೆ ಚೀಲದಲ್ಲಿ ಬರೆದಿಟ್ಟಿದ್ದ ನಂಬರಿಗೆ ಮಾಡಿದ್ದ. “ಸಾರ್, ನಿಮ್ತಾಯಿ ನಮ್ ಗ್ಯಾರೇಜಲ್ಲವ್ರೆ.” ಕುಂಬಾರಕೊಪ್ಪಲಿನಿಂದ ಅಷ್ಟು ದೂರ ಆ ಮುದುಕಿ ಹೇಗೆ ಹೋದಳೋ. ಅವನು ಹೋದಾಗ ಅವ್ವ ಬಿಚ್ಚಿಟ್ಟ ಸ್ಕೂಟರ್ ಸೀಟಿನ ಮೇಲೆ ಕೂತು ಬನ್ನನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದಳು. ಮೆಕ್ಯಾನಿಕ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ, “ಒಬ್ರನ್ನೇ ಬಿಡ್ಬೇಡಿ ಸಾರ್, ವಯಸ್ಸಾಗದೆ” ಎಂದ. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ. ಆ ಮರ್ಯಾದೆಯೇ ಅವನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಆಟೋದಲ್ಲಿ ಬರುವಾಗ ಅವ್ವ ಡ್ರೈವರನ ಭುಜ ತಟ್ಟಿ, “ಈವಯ್ಯ ಯಾರಪ್ಪ, ನನ್ನ ಎಲ್ಲಿಗ್ ಕರ್ಕೊಂಡೋಯ್ತಾವ್ನೆ?” ಎಂದು ಕೇಳಿದಳು. ಡ್ರೈವರ್ ಕನ್ನಡಿಯಲ್ಲಿ ಅವನನ್ನು ಅಳೆದು ನೋಡಿದ. ಮನೆಯ ಮುಂದೆ ಇಳಿದು, ಇದು ನಮ್ಮನೆಯಲ್ಲ, ನಾನು ಬರುವುದಿಲ್ಲ ಎಂದು ಗೇಟು ಹಿಡಿದುಕೊಂಡು ನಿಂತಳು. ಬೀದಿಯ ಅಷ್ಟೂ ಬಾಗಿಲುಗಳು ತೆರೆದವು. ಬುದ್ಧ ಪೂರ್ಣಿಮೆಯ ದಿನ ಸಮುದಾಯ ಭವನದ ವೇದಿಕೆ ಹತ್ತಿ ಕರುಣೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದ್ದ ಮೇಷ್ಟ್ರು, ಹೆತ್ತವಳ ಬೆರಳುಗಳನ್ನು ಒಂದೊಂದಾಗಿ ಗೇಟಿನಿಂದ ಬಿಡಿಸಿ ಒಳಗೆ ಎಳೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಕೆನ್ನೆಗೆ ಹೊಡೆದ. ಅವ್ವ ಅಳಲಿಲ್ಲ. ಕೈಯಲ್ಲಿ ಮುಖ ಮುಚ್ಚಿಕೊಂಡು, “ಹೊಡೀಬ್ಯಾಡಪ್ಪಯ್ಯ, ಇನ್ನೊಂದ್ಸಲ ಹೋಗಲ್ಲ” ಎಂದಳು. ಅವಳು ತನ್ನ ಅಪ್ಪನೊಂದಿಗೆ ಮಾತಾಡುತ್ತಿದ್ದಳು. ಅಂದಿನಿಂದ ಅವನು ಗೇಟಿಗೆ ಬೀಗ ಹಾಕಿಸಿದ.

ಒಂದು ಏಟು. ಅದಕ್ಕೆ ಮುಂಚೆ, ಅದರ ನಂತರ ಎಷ್ಟು ಬೆಳಗು ಅವಳ ಮೈ ತೊಳೆದಿದ್ದಾನೆ, ಎಷ್ಟು ಸೀರೆ ಹಿಂಡಿದ್ದಾನೆ, ಉಗುರು ಕತ್ತರಿಸಿದ್ದಾನೆ, ತುತ್ತು ಉಗಿದರೆ ಮತ್ತೆ ಕಲಸಿ ಇಟ್ಟಿದ್ದಾನೆ. ಅದನ್ನು ಯಾವ ಹೆಂಗಸು ಹೇಳಿಕೊಂಡು ಅಳುತ್ತಾಳೆ? ಅದಕ್ಕೆ ರಾಗವಿಲ್ಲ. ಮದ್ರಾಸಿನಲ್ಲಿ ಕೂತು ಭಾನುವಾರಕ್ಕೊಂದು ಫೋನು ಮಾಡುವವಳು ಪ್ರೀತಿಯ ಮಗಳು, ಇಲ್ಲಿ ಉಚ್ಚೆ ಬಾಚುವವನು ಹೊಡೆದ ಮಗ. ಅವ್ವ ಹೇಳಿರುತ್ತಾಳೆ, ಅನುಮಾನವೇ ಬೇಡ. ಏಟು ಬಿದ್ದ ಮೇಲಿನ ಭಾನುವಾರ ಅವಳು ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, ಅವನು ಒಳಗೆ ಬಂದ ಕೂಡಲೇ ದನಿ ತಗ್ಗಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಂದಿನಿಂದ ಪ್ರತಿ ಭಾನುವಾರವೂ ಆ ಪಿಸುಮಾತು ನಡೆಯುವಷ್ಟು ಹೊತ್ತು ಅವನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ನಿಲ್ಲುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ.

ಅವನು ಬಟ್ಟೆ ಹಾಕಿಕೊಂಡು ಬಂದಾಗ ಅಡುಗೆಮನೆಯಲ್ಲಿ ಹೆಂಡತಿ ಶಾರದ ಎಡೆಗೆ ಇಡುವುದನ್ನೆಲ್ಲ ಮೊರದಲ್ಲಿ ಜೋಡಿಸುತ್ತಿದ್ದಳು. ಅವ್ವನಿಗೆ ಇಷ್ಟವಾದ ಕಜ್ಜಾಯ, ಉದ್ದಿನ ವಡೆ, ಎಲೆ ಅಡಿಕೆ, ಒಂದು ಲೋಟ ಕಾಫಿ. ಹಾಲಿನ ಚೊಂಬು, ತುಪ್ಪದ ಬಟ್ಟಲು ಬೇರೆ. ಆ ದಿನ ಬಾಗಿಲ ಒಳಗೆ ಇದ್ದವಳು ಅವಳೊಬ್ಬಳೇ. ಏಟಿನ ಸದ್ದು ಕೇಳಿದವಳು ಅವಳೊಬ್ಬಳೇ.

“ಅವಳು ಏನಾದ್ರೂ ಕೇಳುದ್ಲಾ?” ಎಂದ ದನಿ ತಗ್ಗಿಸಿ.

“ನನ್ನನ್ನ ಏನೂ ಕೇಳ್ಳಿಲ್ಲ.”

“ರಾತ್ರಿಯೆಲ್ಲ ಇಬ್ರೂ ಒಂದೇ ರೂಮಲ್ಲಿ ಮಲಗಿದ್ರಿ.”

“ಮಲಗಿದ್ರೆ? ಅವ್ಳು ಅತ್ತೆ ಸೀರೆ ಹೊದ್ಕೊಂಡು ಗೋಡೆ ಕಡೆ ತಿರುಕ್ಕೊಂಡಿದ್ಲು.” ಶಾರದ ಕಜ್ಜಾಯದ ಮೇಲೆ ಬಾಳೆಲೆ ಮುಚ್ಚಿದಳು. “ನೀವೇ ಹೇಳ್ಬುಡಿ ರೀ. ಅವ್ಳು ಹೇಳೋಕೆ ಮುಂಚೆ ನೀವೇ ಹೇಳುದ್ರೆ ಅರ್ಧ ಕಮ್ಮಿಯಾಯ್ತದೆ.”

“ಏನು ಹೇಳೋದು? ನಾನೇನು ಕೊಲೆ ಮಾಡಿದೀನಾ?”

“ಮಳೆ ಬಂದಿದ್ರೆ ನಿಮಗೆ ಚೆನ್ನಾಗಿರೋದು,” ಎಂದಳು ಶಾರದ, ಮೊರ ಎತ್ತಿಕೊಂಡು.

ಅವನಿಗೆ ಆ ಮೊರವನ್ನು ಕಿತ್ತು ಎಸೆಯಬೇಕೆನ್ನಿಸಿತು. ಹೌದು, ಮಳೆ ಬಂದಿದ್ದರೆ. ಒಂದೇ ಒಂದು ಗಂಟೆ ಜಡಿದು ಹೊಡೆದಿದ್ದರೆ, ಚರಂಡಿ ಉಕ್ಕಿ, ನಾಲ್ಕು ಮರ ಬಿದ್ದು, ಕರೆಂಟು ಹೋಗಿದ್ದರೆ, ಸುಮಾ ಮಂಡಿಯವರೆಗೆ ನೆನೆದು ಬಂದು, ಅಣ್ಣ ಸರಿಯಾಗೇ ಮಾಡಿದ ಎಂದುಕೊಳ್ಳುತ್ತಿದ್ದಳು. ನೂರಾರು ಮೈಲಿ ಸಮುದ್ರವೆಲ್ಲ ಸುತ್ತಿ ಸುತ್ತಿ ಬಂದ ಗಾಳಿಗೆ ಅಷ್ಟೂ ಯೋಗ್ಯತೆ ಇರಲಿಲ್ಲ. ಪಾಪದ ಕೆಲಸದಲ್ಲಿ ಜೊತೆಗೆ ಬರುತ್ತೇನೆಂದು ಹೇಳಿ ಕೈಕೊಟ್ಟ ಗೆಳೆಯನ ಮೇಲೆ ಬರುವಂಥ ಸಿಟ್ಟು ಅದು.

ಸ್ಮಶಾನ ಕಾಲು ಗಂಟೆಯ ದಾರಿ. ಮುಂದೆ ಚೆಲುವಯ್ಯ ಸಲಿಕೆ ಹೊತ್ತು, ಅವನ ಹಿಂದೆ ಸಣ್ಣಮಾದಯ್ಯ, ಆಮೇಲೆ ಬೀದಿಯ ಏಳೆಂಟು ಹೆಂಗಸರ ನಡುವೆ ಸುಮಾ ಹಾಲಿನ ಚೊಂಬು ಹಿಡಿದು ನಡೆದಳು. ಮಗಳೇ ಹಾಲು ಹಿಡಿಯಬೇಕೆಂದು ಮಾವ ಅವಳ ಕೈಗೆ ಕೊಟ್ಟಿದ್ದರು. ಮಹೇಂದ್ರ ಎಲ್ಲರಿಗಿಂತ ಹಿಂದೆ ಇದ್ದ. ತಂಗಿಯ ಬೆನ್ನು ಅವನಿಗೆ ಅಲ್ಲಿಂದ ಕಾಣುತ್ತಿತ್ತು. ಚಿಕ್ಕವಳಿದ್ದಾಗ ಸ್ಕೂಲಿಗೆ ಹೋಗುವಾಗಲೂ ಹೀಗೇ ಬಲಗಡೆಗೆ ವಾಲಿಕೊಂಡು ನಡೆಯುತ್ತಿದ್ದಳು, ಬ್ಯಾಗು ಭಾರವಾಗಿ ಅವನೇ ಹೊತ್ತುಕೊಳ್ಳುತ್ತಿದ್ದ. ಈಗ ಆ ಬೆನ್ನು ಹೆದರಿಸುತ್ತಿತ್ತು. ದಾರಿಯಲ್ಲಿ ಅಂಗಡಿಗಳವರು ಟಾರ್ಪಾಲು ಬಿಚ್ಚಿ ಮಡಿಸುತ್ತಿದ್ದರು. ಯಾರೋ ಮರಳಿನ ಚೀಲಗಳನ್ನು ಬಾಗಿಲಿನಿಂದ ಎಳೆದು ಪಕ್ಕಕ್ಕೆ ಹಾಕುತ್ತಿದ್ದರು. ಬಿಸಿಲು ಆಗಲೇ ಕುತ್ತಿಗೆ ಸುಡುತ್ತಿತ್ತು. ಊರಿಗೆ ಊರೇ ಬಾರದೇ ಇದ್ದ ಮಳೆಯ ಸಾಮಾನು ಒಳಗೆ ಸೇರಿಸುತ್ತಿದೆ, ಇನ್ನೊಂದು ಗಂಟೆಯಲ್ಲಿ ಎಲ್ಲರೂ ಮರೆಯುತ್ತಾರೆ, ತನ್ನನ್ನು ಬಿಟ್ಟು.

ತಗ್ಗಿನ ಸ್ಮಶಾನ ಒಣಗಿ ಬಿರುಕು ಬಿಟ್ಟಿತ್ತು. ಮೊನ್ನೆ ಇಲ್ಲಿ ನೀರು ನಿಲ್ಲುತ್ತದೆ ಎಂದು ಅವನು ಕೈಮಾಡಿ ತೋರಿಸಿದ್ದ ಜಾಗದಲ್ಲಿ ಎರಡು ಮೇಕೆಗಳು ಮಲಗಿದ್ದವು. ಚೆಲುವಯ್ಯ ಗುಡ್ಡೆಯ ಮಣ್ಣನ್ನು ಸಲಿಕೆಯಿಂದ ಎಳೆದು ಸಮ ಮಾಡಿದ. ಶಾರದ ಎಡೆ ಇಟ್ಟಳು. ಸೇವಂತಿಗೆ ಹರಡಿದರು. ಮೊದಲು ಮಹೇಂದ್ರ ಹಾಲು ಬಿಟ್ಟ, ತುಪ್ಪ ಬಿಟ್ಟ. ಆಮೇಲೆ ಮಾವ. ಆಮೇಲೆ ಸುಮಾ ಚಪ್ಪಲಿ ಬಿಟ್ಟು ಬಂದು, ತಲೆಯ ಕಡೆ ಯಾವುದು ಎಂದು ಚೆಲುವಯ್ಯನನ್ನು ಕೇಳಿ, ಅಲ್ಲಿ ಹಾಲು ಬಿಟ್ಟಳು. ಒಣಮಣ್ಣು ಅದನ್ನು ಕ್ಷಣದಲ್ಲಿ ಹೀರಿಕೊಂಡಿತು. ಅವಳು ಕುಕ್ಕುರುಗಾಲಿನಲ್ಲಿ ಕೂತಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅವಳ ಸುತ್ತ ಸರಿದರು. ಈಗ ಶುರುವಾಗುತ್ತದೆ ಎಂದು ಮಹೇಂದ್ರ ಹಲ್ಲು ಕಚ್ಚಿ ನಿಂತ. ಅವಳು ಶುರು ಮಾಡಲಿಲ್ಲ. ಮಣ್ಣಿನಿಂದ ಒಂದು ಬೇರಿನ ಚೂರು ಆರಿಸಿ ಪಕ್ಕಕ್ಕಿಟ್ಟಳು. ಇನ್ನೊಂದು ಆರಿಸಿದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಗಳು ಬಂದೂ ಒಂದು ಮಾತು ಹೇಳಿ ಅಳಲಿಲ್ಲವೆಂದರೆ ಅದು ಸತ್ತವಳಿಗೆ ಕೊರತೆ.

“ಅತ್ಬುಡು ಮಗ,” ಎಂದರು ಸಣ್ಣಮಾದಯ್ಯ. “ಒಳಗಿಟ್ಕೋಬ್ಯಾಡ.”

“ಮುಖ ಕಂಡಿದ್ರೆ ಅಳ್ತಿದ್ದೆ ಮಾವ. ಮಣ್ಣ ನೋಡ್ಕೊಂಡು ಏನಂತ ಅಳ್ಲಿ?”

ಮುದುಕ ಅವಳ ಪಕ್ಕ ಕಷ್ಟಪಟ್ಟು ಕೂತರು. ಒಮ್ಮೆ ಮಹೇಂದ್ರನ ಕಡೆ ನೋಡಿದರು. “ತಪ್ಪು ನಂದೇ ಕಣವ್ವ. ಮಳೆ ಬತ್ತದೆ ಅಂತ ಎಲ್ರೂ ಅಂದ್ರು, ನಾನೇ ಎತ್ಬುಡಿ ಅಂದೆ. ನಿಮ್ಮಣ್ಣ ಕಾಯಾಣ ಅಂದ. ನಾನೇ ಕೇಳ್ನಿಲ್ಲ. ನಿಂಗೆ ಸಿಟ್ಟಿದ್ರೆ ನಂಗೆ ಬಯ್ಯಿ.”

ಮಹೇಂದ್ರನಿಗೆ ತಲೆಯೊಳಗೆ ಏನೋ ಹರಿದಂತಾಯಿತು. ಆ ಅಕ್ಷರ ಬಾರದ ಮುದುಕ ತನಗಾಗಿ ಸುಳ್ಳು ಹೇಳುತ್ತಿದ್ದಾನೆ. ತನ್ನ ಅಕ್ಕನ ಗುಡ್ಡೆಯ ಮೇಲೆ ಕೈಯಿಟ್ಟುಕೊಂಡು, ಓದಿದ ಅಳಿಯನ ಮಾನ ಉಳಿಸುತ್ತಿದ್ದಾನೆ. ಸುಮಾ ತಲೆಯಾಡಿಸಿ ಮತ್ತೊಂದು ಬೇರು ಆರಿಸಿದಳು. ಅವಳಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಆಡಿಸುತ್ತಿದ್ದಾಳೆ, ಹನ್ನೊಂದನೆಯ ದಿನದ ತಿಥಿಗೆ ಇನ್ನೂ ಹೆಚ್ಚು ಜನ ಸೇರಲಿ ಎಂದು ಕಾಯುತ್ತಿದ್ದಾಳೆ ಎಂದೇ ಅವನಿಗೆ ತೋರಿತು. ಇನ್ನೂ ಎಂಟು ದಿನ ಹೀಗೆ ಕಾಯಲು ತನ್ನಿಂದಾಗುವುದಿಲ್ಲ.

“ಮಾವ ಸುಳ್ಳೇಳ್ತಾವ್ರೆ,” ಎಂದ. ದನಿ ಅವನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. “ಅವ್ರು ಕಾಯಾಣ ಅಂದ್ರು. ನಾನೇ ಎತ್ತಿಸ್ದೆ. ಹತ್ತು ಗಂಟೆಗೇ ಫೋನಲ್ಲಿ ಬಂದಿತ್ತು, ಮಳೆ ಬರಲ್ಲ ಅಂತ. ಓದಿ ಜೇಬಲ್ಲಿಟ್ಕೊಂಡೆ. ಸಾಕಾ? ಈಗ ಶುರು ಮಾಡು. ಎರಡು ದಿನದಿಂದ ಬಾಯ್ ಮುಚ್ಕೊಂಡು ಕೊಲ್ತಾ ಇದೀಯಲ್ಲ, ಹೇಳು. ಭಾನುವಾರ ಭಾನುವಾರ ಅವ್ವ ಪಿಸಿಪಿಸಿ ಅಂತ ಹೇಳಿದ್ದನ್ನೆಲ್ಲ ಹೇಳು. ಅವ್ವಂಗೆ ಹೊಡ್ದ ಅಂತ ಹೇಳು. ಎಲ್ರೂ ಕೇಳಿಸ್ಕೊಳ್ಳಿ.”

ಚೆಲುವಯ್ಯನ ಕೈಯ ಸಲಿಕೆ ನಿಂತಿತು. ಶಾರದ ತಲೆ ತಗ್ಗಿಸಿದಳು. ಸುಮಾ ಎರಡು ದಿನದಲ್ಲಿ ಮೊದಲ ಸಲ ಅಣ್ಣನ ಮುಖವನ್ನು ನೇರವಾಗಿ ನೋಡಿದಳು.

“ಅವ್ವಂಗೆ ಹೊಡ್ದಾ?” ಎಂದಳು. “ಯಾವಾಗ?”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಗುಟ್ಟೂ ಇರಲಿಲ್ಲ. ಅರ್ಥವಾಗದ ಒಂದು ಲೆಕ್ಕವನ್ನು ಮತ್ತೆ ಮೊದಲಿನಿಂದ ನೋಡುವಂತೆ ಅವನನ್ನು ನೋಡುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ. ಅದು ಅವನ ಮೈಯೊಳಗೆ ಕಾಲಿನಿಂದ ತಲೆಯವರೆಗೆ ನಿಧಾನವಾಗಿ ಏರಿತು.

“ಅವ್ವ ನಂಗೆ ಅಂಥದ್ದೇನೂ ಹೇಳಿಲ್ಲ ಕಣಣ್ಣ,” ಎಂದಳು ಸುಮಾ. “ಫೋನ್ ಮಾಡುದ್ರೆ ನಿನ್ ಸುದ್ದಿನೇ. ಮಹೇಂದ್ರ ಬಿಸ್ನೀರು ಹುಯ್ತಾನೆ, ಮಹೇಂದ್ರ ತಿನ್ನುಸ್ತಾನೆ. ಸಂಜೆ ಹೊತ್ತು ಕೈ ಹಿಡ್ಕೊಂಡು ವಾಕಿಂಗು ಕರ್ಕೊಂಡೋಯ್ತಾನೆ, ಯಾರ್ಗೂ ಹೇಳ್ಬ್ಯಾಡ, ದೃಷ್ಟಿಯಾದದು ಅಂತ ಮೆತ್ತಗೆ ಹೇಳೋಳು. ನಾನು ಮುಖ ನೋಡಿ, ಕಾಲಿಡ್ಕೊಂಡು ಒಂದ್ ಗಳಿಗೆ ಕೂತಿದ್ದು ಎದ್ದೋಗ್ತಿದ್ದೆ ಅಷ್ಟೆ. ನಿನ್ನ ಏನಂತ ಅಂತಿದ್ದೆ ನಾನು?”

ಒಂದು ದಿನವೂ ಅವನು ಅವ್ವನನ್ನು ವಾಕಿಂಗ್ ಕರೆದುಕೊಂಡು ಹೋಗಿರಲಿಲ್ಲ. ಗೇಟಿಗೆ ಬೀಗವಿತ್ತು. ಅವ್ವ ಅದನ್ನು ಮರೆವಿನಲ್ಲಿ ಹೇಳಿದಳೋ, ಬೇಕೆಂದೇ ಹೇಳಿದಳೋ, ಕೇಳಲು ಅವಳಿರಲಿಲ್ಲ. ಅವನು ಏನೋ ಹೇಳಲು ಹೋದ. ಸುಮಾ ಆಗಲೇ ಗುಡ್ಡೆಯ ಕಡೆ ತಿರುಗಿದ್ದಳು. ಎರಡೂ ಅಂಗೈಗಳನ್ನು ಹಾಲು ಹೀರಿದ ಮಣ್ಣಿನ ಮೇಲಿಟ್ಟಳು. ಒಂದು ಉಸಿರು ಎಳೆದುಕೊಂಡಳು, ಅವಳ ಭುಜ ಏರಿದ್ದು ಕಾಣಿಸಿತು. ಆಮೇಲೆ ದನಿ ಬಂತು. ಮೊದಲು ಸಣ್ಣಗೆ, ಮಗುವನ್ನು ಎಬ್ಬಿಸುವಂತೆ, ಆಮೇಲೆ ತಗ್ಗಿನ ಆಚೆಯ ದಿಬ್ಬದವರೆಗೂ ಕೇಳುವಂತೆ. ಮೇಕೆಗಳು ಎದ್ದು ನಿಂತವು.

“ಅವ್ವಾ, ವಾಕಿಂಗು ಕರ್ಕೊಂಡೋಯ್ತಾನೆ ಅಂದ್ಯಲ್ಲವ್ವ ನನ್ನವ್ವ, ನನ್ ಮಗ ಕೈ ಹಿಡ್ಕತಾನೆ ಅಂದ್ಯಲ್ಲವ್ವ, ಹಿಡ್ಕೊಂಡ ಕೈಯಲ್ಲೇ ಹೊಡುದ್ನಂತಲ್ಲವ್ವ…”

ಹೆಂಗಸರು ಒಬ್ಬೊಬ್ಬರಾಗಿ ಕೂತು ಅವಳ ರಾಗಕ್ಕೆ ದನಿಗೂಡಿಸಿದರು. ಶಾರದಳೂ ಕೂತಳು. ಸಣ್ಣಮಾದಯ್ಯ ಟವಲಿನಿಂದ ಮುಖ ಮುಚ್ಚಿಕೊಂಡರು. ಸುಮಾ ಅವ್ವನ ಮದುವೆ ಹೇಳಿದಳು, ಕೂಲಿ ಹೇಳಿದಳು, ಮಹೇಂದ್ರನನ್ನು ಟೀಚರ್ ಟ್ರೈನಿಂಗಿಗೆ ಕಳಿಸಲು ಓಲೆ ಮಾರಿದ್ದು ಹೇಳಿದಳು, ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೂರು ಸಲ ಫೋನು ಮಾಡಿದ್ದು ಹೇಳಿದಳು. ಹೇಳುತ್ತ ಹೇಳುತ್ತ ತಿರುತಿರುಗಿ ಅಲ್ಲಿಗೇ ಬಂದಳು.

“ಯಾವ್ ಕೆನ್ನೆಗ್ ಹೊಡುದ್ನವ್ವ ನನ್ನವ್ವ, ಒಂದ್ಸಲ ಸವರಕ್ಕೂ ಬುಡ್ನಿಲ್ವಲ್ಲವ್ವ, ಯಾವ್ ಕೆನ್ನೆಗವ್ವ…”

ಹಾಗೆ ಕೇಳುವುದು ಸತ್ತವರನ್ನು. ಬದುಕಿರುವವರು ಅದಕ್ಕೆ ಉತ್ತರ ಕೊಡುವ ರೂಢಿಯಿಲ್ಲ.

“ಎಡಗೆನ್ನೆಗೆ,” ಎಂದ ಮಹೇಂದ್ರ.